ಅದು ಕೆಟ್ಟ ಇಂಗ್ಲಿಷ್ ಅಲ್ಲ

ಕಳೆದ ದೀಪಾವಳಿಯ ಸಮಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಾವೇರಿ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಕೈಕೆಳಗೆ ಕನ್ನಡವನ್ನೂ ಇಂಗ್ಲಿಷನ್ನೂ ಕಲಿತವನು. ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಉದ್ಯೋಗಿ. ಒಂದು ಡಬ್ಬಿ ಬಿಸ್ಕತ್ತನ್ನೂ, ಮೇಷ್ಟರಿಗೆ ಪುಸ್ತಕವೆಂದರೆ ಪ್ರಾಣವೆಂಬುದು ನೆನಪಿನಲ್ಲಿದ್ದುದರಿಂದ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಕವನಸಂಗ್ರಹವನ್ನೂ ತಂದಿದ್ದ. ಊರು ಹೇಗಿದೆಯಪ್ಪಾ ಎಂದು ಕೇಳಿದೆ. "ಊರು ಭಾಳ ಚಂದ ಐತ್ರಿ ಸರ್ರ. ಆದ್ರ ಅಲ್ಲಿ ಮಂದಿ ಇಂಗ್ಲಿಷ್ ಭಾಳ ಕೆಟ್ಟದ್ದು. ನೀವು ಕಲಿಸಿದ ಇಂಗ್ಲಿಷ್ ಅವರಿಗೇ ಬರಂಗಿಲ್ಲ" ಎಂದು ನಕ್ಕ. ಅನಂತರ ತಾನೇ ತಂದ ಪುಸ್ತಕವನ್ನು ನಡುವೆ ಬಿಡಿಸಿ, "ನೋಡ್ರಿ, ಪುಸ್ತಕದಾಗೂ ಅದನ್ನ ಹಾಕ್ಯಾರ" ಎಂದ.

ಆ ಪುಸ್ತಕವು ರಾಬರ್ಟ್ ಗ್ಯಾರಿಯಕ್ ಎಂಬ ಕವಿಯ ಸಂಕಲನವಾಗಿತ್ತು. ಅಂದು ಮನೆಯ ತುಂಬ ಜನ, ಹೋಳಿಗೆಯ ಊಟ, ನಾನೂ ನಕ್ಕು ಸುಮ್ಮನಾದೆ. ಆದರೆ ಆ ನಗೆ ನನಗೆ ಜೀರ್ಣವಾಗಲಿಲ್ಲ. ಆ ಹುಡುಗನಿಗೆ ಅಂಥ ನಗೆಯನ್ನು ಕಲಿಸಿದವನು ನಾನೇ ಎಂಬ ಅನುಮಾನವು ನನ್ನನ್ನು ಕಾಡತೊಡಗಿತು. ಆದುದರಿಂದ ಅವನಿಗೆ ಅಂದು ಹೇಳದೆ ಉಳಿದ ಉತ್ತರವನ್ನು ಇಂದು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲನೆಯ ಮಾತು. ಸ್ಕಾಟ್ಸ್ ಎಂಬುದು ಕೆಟ್ಟ ಇಂಗ್ಲಿಷ್ ಅಲ್ಲ. ಇಂಗ್ಲಿಷ್ ಯಾವ ಹಳೆಯ ಬೇರಿನಿಂದ ಹೊರಟಿತೋ ಅದೇ ಬೇರಿನ ಉತ್ತರದ ಕವಲಿನಿಂದ ಹೊರಟು, ತನ್ನದೇ ದಾರಿಯಲ್ಲಿ ಬೆಳೆದ ನುಡಿ. ಅಕ್ಕತಂಗಿಯರಲ್ಲಿ ಒಬ್ಬಳು ಸಿರಿವಂತರ ಮನೆ ಸೇರಿದಳೆಂದು ಇನ್ನೊಬ್ಬಳನ್ನು ಅವಳ ಹಾಳಾದ ಪ್ರತಿಬಿಂಬವೆಂದು ಕರೆಯಲಾಗದು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಸ್ಕಾಟ್ಲೆಂಡಿನ ಅರಮನೆ, ನ್ಯಾಯಾಲಯ, ಕಾವ್ಯ ಎಲ್ಲವೂ ಇದೇ ನುಡಿಯಲ್ಲಿ ನಡೆಯುತ್ತಿದ್ದವು. 1513ರಲ್ಲಿ ಗ್ಯಾವಿನ್ ಡಗ್ಲಸ್ ಎಂಬ ಪಾದ್ರಿ ವರ್ಜಿಲನ ಲ್ಯಾಟಿನ್ ಮಹಾಕಾವ್ಯವನ್ನು ಸಮಗ್ರವಾಗಿ ಸ್ಕಾಟ್ಸ್‌ಗೆ ತಂದು ಮುಗಿಸಿದ. ಆಗಿನ್ನೂ ಇಂಗ್ಲೆಂಡಿನವರ ಬಳಿ ಅಂಥದೊಂದು ಸಮಗ್ರ ಅನುವಾದವಿರಲಿಲ್ಲ. ಅಂದರೆ ಈ 'ಕೆಟ್ಟ ಇಂಗ್ಲಿಷ್' ಒಳ್ಳೆಯ ಇಂಗ್ಲಿಷಿಗಿಂತ ಮೊದಲೇ ವರ್ಜಿಲನನ್ನು ಮನೆಗೆ ಕರೆತಂದಿತ್ತು!

ಮುಂದೆ ನಡೆದದ್ದು ರಾಜಕೀಯದ ಕಥೆ, ವ್ಯಾಕರಣದ್ದಲ್ಲ. 1560ರ ಧರ್ಮಸುಧಾರಣೆಯ ತರುವಾಯ ಜನರ ಕೈಗೆ ಬಂದ ಬೈಬಲ್ಲು ಇಂಗ್ಲಿಷಿನದು. 1603ರಲ್ಲಿ ಅರಸು ಆರನೆಯ ಜೇಮ್ಸ್ ಲಂಡನ್ನಿನ ಸಿಂಹಾಸನವೇರಿ ಹೊರಟುಹೋದ. ಅರಮನೆಯ ನುಡಿಯೂ ಅವನ ಹಿಂದೆಯೇ ಹೋಯಿತು. 1707ರಲ್ಲಿ ಪಾರ್ಲಿಮೆಂಟೂ ಹೋಯಿತು. ಹದಿನೆಂಟನೆಯ ಶತಮಾನದ ಎಡಿನ್‌ಬರೋ ಪಂಡಿತರು ತಮ್ಮ ಬರಹದಲ್ಲಿ ನುಸುಳಬಾರದ ಸ್ಕಾಟ್ಸ್ ಪ್ರಯೋಗಗಳ ಪಟ್ಟಿ ಮಾಡಿಕೊಂಡು ಕುಳಿತರು. ದಾರ್ಶನಿಕ ಡೇವಿಡ್ ಹ್ಯೂಮನೂ ಇಂಥದೊಂದು ಪಟ್ಟಿಯನ್ನು ಪ್ರಕಟಿಸಿದವನೇ. ಕಾರ್ಯಕಾರಣಸಂಬಂಧವನ್ನೇ ಸಂಶಯಿಸಿದ ಧೀರನು ತನ್ನ ತಾಯಿಯ ನುಡಿಯನ್ನು ಕುರಿತು ನಾಚಿಕೊಂಡನೆಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಕೊನೆಗೆ 1946ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ಪ್ರಾಥಮಿಕ ಶಿಕ್ಷಣದ ವರದಿಯೊಂದು, ಇದು ಎಲ್ಲಿಯೂ ಸುಶಿಕ್ಷಿತರ ಭಾಷೆಯಲ್ಲವೆಂದು ಬರೆದುಬಿಟ್ಟಿತು.

ಆ ವರದಿ ಹೊರಬಿದ್ದ ಹೊತ್ತಿಗೆ, ಅದು ಸುಳ್ಳೆಂಬುದಕ್ಕೆ ಸಾಕ್ಷಿಯಾಗಬಲ್ಲ ಒಬ್ಬ ಮನುಷ್ಯನು ಯುದ್ಧಕೈದಿಗಳ ಶಿಬಿರದಿಂದ ಆಗತಾನೆ ಮನೆಗೆ ಮರಳಿದ್ದ. ಅವನೂ ಒಬ್ಬ ಶಾಲಾಮಾಸ್ತರನೇ.

ರಾಬರ್ಟ್ ಗ್ಯಾರಿಯಕ್ ಸದರ್ಲೆಂಡ್ 1909ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕಸಬಿನವನು. ತಾಯಿ ಸಂಗೀತ ಹೇಳಿಕೊಡುತ್ತಿದ್ದವಳು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ ಪದವಿ ಪಡೆದ. ಕವಿಯಾಗಿ ಮಾತ್ರ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಸ್ಕಾಟ್ಸ್ ನುಡಿಯನ್ನು ಆರಿಸಿಕೊಂಡ. 1940ರಲ್ಲಿ ಗೇಲಿಕ್ ಕವಿ ಸೋರ್ಲಿ ಮೆಕ್ಲೀನನ ಜೊತೆಗೂಡಿ ಅವನು ಹೊರತಂದ ಮೊದಲ ಪುಸ್ತಕದ ಹೆಸರೇ 'ಆರು ಪೆನ್ನಿಗೆ ಹದಿನೇಳು ಕವಿತೆಗಳು' ಎಂಬರ್ಥದ್ದು. ತನ್ನ ಕೈಯಚ್ಚಿನ ಯಂತ್ರದಲ್ಲಿ ತಾನೇ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಪ್ರಕಾಶಕರು ಬಾಗಿಲು ತೆರೆಯಲಿಲ್ಲವೆಂದು ಗೊಣಗುತ್ತ ಕೂಡುವ ನಮ್ಮ ಕೆಲವು ಕವಿಮಿತ್ರರು ಈ ಸಂಗತಿಯನ್ನು ಗಮನಿಸಬೇಕು.

ಯುದ್ಧ ಬಂತು. ಸೈನ್ಯದ ಸಂಪರ್ಕದಳವನ್ನು ಸೇರಿದವನು 1942ರಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ. 1945ರ ತನಕ ಇಟಲಿಯಲ್ಲಿಯೂ ಜರ್ಮನಿಯಲ್ಲಿಯೂ ಕೈದಿಯಾಗಿದ್ದ. ಆ ವರ್ಷಗಳನ್ನು ಕುರಿತು ಮೂವತ್ತು ವರ್ಷಗಳ ಮೇಲೆ, 1975ರಲ್ಲಿ, ಒಂದು ನೆನಪಿನ ಪುಸ್ತಕವನ್ನು ಬರೆದ. ಅದರ ಶೀರ್ಷಿಕೆಯಲ್ಲಿ ಇರುವುದು ಇಬ್ಬರು ಮನುಷ್ಯರು ಮತ್ತು ಒಂದು ಕಂಬಳಿ. ಶೌರ್ಯದ ಸುದ್ದಿಯಿಲ್ಲ, ಹಸಿವು, ಚಳಿ, ಸರದಿಯಲ್ಲಿ ನಿಲ್ಲುವುದು, ರೊಟ್ಟಿ ಹಂಚಿಕೊಳ್ಳುವುದು. ಅಲ್ಲಿಂದ ಬಂದಮೇಲೆ ಲಂಡನ್ನಿನಲ್ಲಿಯೂ ಕೆಂಟ್ ಪ್ರಾಂತದಲ್ಲಿಯೂ ಪಾಠ ಹೇಳಿದ. 1959ರಲ್ಲಿ ಎಡಿನ್‌ಬರೋಗೆ ಮರಳಿ, 1964ರಲ್ಲಿ ಬೋಧನೆಯನ್ನು ಬಿಟ್ಟ. ನಿವೃತ್ತಿಯೆಂದರೆ ಬಿಡುಗಡೆ ಎಂದು ಅವನಿಗೆ ಅನ್ನಿಸಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಏಕೆಂದರೆ ಆ ಕೆಲಸವನ್ನು ಕುರಿತು ಅವನು ಬರೆದಷ್ಟು ಕಹಿಯಾಗಿ, ಬರೆದಷ್ಟು ನಿಜವಾಗಿ ಬರೆದವರನ್ನು ನಾನು ಕಂಡಿಲ್ಲ. ಹದಿನಾರನೆಯ ಶತಮಾನದ ಜಾರ್ಜ್ ಬುಕಾನನ್ ಎಂಬ ಸ್ಕಾಟಿಷ್ ವಿದ್ವಾಂಸನು ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದಾಗ, ಉಪಾಧ್ಯಾಯನ ದುಸ್ಥಿತಿಯನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಗೋಳಿನ ಪದ್ಯವನ್ನು ಬರೆದಿದ್ದ. ನಾನೂರು ವರ್ಷಗಳ ಮೇಲೆ ಗ್ಯಾರಿಯಕ್ ಅದಕ್ಕೆ ಸ್ಕಾಟ್ಸ್‌ನಲ್ಲಿ ಮಾರುತ್ತರವನ್ನು ಬರೆದ. ಅಯ್ಯಾ ಹಿರಿಯರೇ, ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ಏನೂ ಬದಲಾಗಿಲ್ಲವೆಂಬುದೇ ಅದರ ಧಾಟಿ. ತಾನು ಯಾರ ಕೈಕೆಳಗೆ ದುಡಿದಿದ್ದನೋ ಆ ಹಳೆಯ ಮುಖ್ಯೋಪಾಧ್ಯಾಯರನ್ನು ನೆನೆಯುವ ಒಂದು ಸಾನೆಟ್ಟೂ ಉಂಟು. ಶೋಕಗೀತೆಯೆಂದೇ ಹೆಸರಿಟ್ಟು ಗಂಭೀರವಾಗಿ ಆರಂಭಿಸಿ, ಕೊನೆಯ ಸಾಲಿನಲ್ಲಿ ಎಲ್ಲ ಶೋಕವನ್ನೂ ಕಿತ್ತೆಸೆದುಬಿಡುತ್ತಾನೆ. ಅದನ್ನು ಓದಿ ಮುಗಿಸಿದ ರಾತ್ರಿ, ನನ್ನ ವಿದ್ಯಾರ್ಥಿಗಳಲ್ಲಿ ಯಾವನಾದರೂ ಸಾನೆಟ್ ಬರೆಯಬಲ್ಲವನಿರುವನೇ ಎಂದು ಒಂದು ಗಳಿಗೆ ಅಂಜಿದ್ದು ನಿಜ.

ಇನ್ನು ಸಿಸಿಫಸ್. ಗ್ರೀಕರ ಪುರಾಣದಲ್ಲಿ ದೊಡ್ಡ ಬಂಡೆಯನ್ನು ಗುಡ್ಡದ ಮೇಲಕ್ಕೆ ಉರುಳಿಸಿಕೊಂಡು ಹೋಗುವ, ಪ್ರತಿಸಾರಿಯೂ ಅದು ಕೆಳಗುರುಳುವ ಶಾಪಕ್ಕೊಳಗಾದವನು. ಗ್ಯಾರಿಯಕ್‌ನ ಸಿಸಿಫಸ್ ತುದಿಯನ್ನು ಮುಟ್ಟಿ, ಬಂಡೆಯನ್ನು ಭದ್ರವಾಗಿ ನಿಲ್ಲಿಸಿ, ತನ್ನ ಬುತ್ತಿಯನ್ನು ಬಿಚ್ಚುತ್ತಾನೆ. ಉಂಡಾದ ಮೇಲೆ ಅತ್ತಿತ್ತ ನೋಡಿ, ತಾನೇ ಅದನ್ನು ಒಂದಿಷ್ಟು ನೂಕಿ ಕೆಳಕ್ಕುರುಳಿಸುತ್ತಾನೆ. ಏಕೆ? ತಿಂಗಳ ಕೊನೆಗೆ ಸಂಬಳ ಬರಬೇಡವೇ! ದೇವತೆಗಳ ಶಾಪವೆಲ್ಲಿ, ಮಾಸ್ತರನ ತಿಂಗಳ ಪಗಾರವೆಲ್ಲಿ! ಪ್ರತಿ ಜೂನಿನಲ್ಲಿ ಹೊಸ ಎಂಟನೆಯ ತರಗತಿಗೆ ಅದೇ ಸಂಧಿಪ್ರಕರಣವನ್ನು ಮೊದಲಿನಿಂದ ಆರಂಭಿಸಿದವನಿಗೆ ಈ ಕವಿತೆಗೆ ವ್ಯಾಖ್ಯಾನ ಬೇಕಾಗಿಲ್ಲ.

ಇಲ್ಲಿಯೇ ನನ್ನ ಜಗಳವೂ ಆರಂಭವಾಗುತ್ತದೆ. ಗ್ಯಾರಿಯಕ್ ವಿನೋದದ ಕವಿ, ಚಿಕ್ಕ ಕವಿ, ಒಂದು ಊರಿನ ಕವಿ ಎಂದು ಪಕ್ಕಕ್ಕಿಡುವವರಿದ್ದಾರೆ. ಇದರ ಹಿಂದೆ ಒಂದು ಹಳೆಯ ಪೂರ್ವಗ್ರಹವಿದೆ. ಅದು ಸ್ಕಾಟ್ಲೆಂಡಿನ ಸ್ವತ್ತು ಮಾತ್ರವಲ್ಲ. ಆಡುಮಾತು ನಗಿಸುವುದಕ್ಕೆ ಸರಿ, ಅಳಿಸುವುದಕ್ಕೂ ಚಿಂತಿಸುವುದಕ್ಕೂ ಶಿಷ್ಟಭಾಷೆಯೇ ಆಗಬೇಕೆಂಬ ಪೂರ್ವಗ್ರಹ. ನಮ್ಮ ನಾಟಕಗಳಲ್ಲಿಯೂ ಸಿನಿಮಾಗಳಲ್ಲಿಯೂ ನಾಯಕನು ಗ್ರಂಥದ ಕನ್ನಡವನ್ನಾಡುತ್ತಾನೆ, ಅವನ ಆಳು ಮಾತ್ರ ಯಾವುದೋ ಸೀಮೆಯ ಕನ್ನಡವನ್ನಾಡಿ ಜನರನ್ನು ನಗಿಸುತ್ತಾನೆ. ಧಾರವಾಡದ ಮಾತಿನಲ್ಲಿ ಬೇಂದ್ರೆಯವರು ಏನು ಮಾಡಿ ತೋರಿಸಿದರೆಂಬುದನ್ನು ಪಾಠ ಹೇಳಿ ಮುಗಿಸಿ, ಸಂಜೆ ಅದೇ ನಾಟಕಕ್ಕೆ ಹೋಗಿ ಅದೇ ಆಳಿನ ಮಾತಿಗೆ ನಗುವವರು ನಾವು.

ಈ ಪೂರ್ವಗ್ರಹಕ್ಕೆ ಗ್ಯಾರಿಯಕ್ ಕೊಟ್ಟ ಉತ್ತರ ಅವನ ಅನುವಾದಗಳಲ್ಲಿದೆ. 1959ರಲ್ಲಿ ಅವನು ಅದೇ ಬುಕಾನನನ ಎರಡು ಲ್ಯಾಟಿನ್ ದುರಂತನಾಟಕಗಳನ್ನು ಸ್ಕಾಟ್ಸ್‌ಗೆ ತಂದ. ಬುಕಾನನ್ ಅವುಗಳನ್ನು ಬರೆದದ್ದು ಫ್ರಾನ್ಸಿನ ಬೋರ್ಡೋ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಹುಡುಗರು ಆಡಲೆಂದು. ಮುಂದೆ ಜಗತ್ಪ್ರಸಿದ್ಧನಾದ ಪ್ರಬಂಧಕಾರ ಮಾಂಟೇನ್ ಆಗ ಅಲ್ಲಿ ವಿದ್ಯಾರ್ಥಿ. ಬುಕಾನನನ ನಾಟಕಗಳಲ್ಲಿ ಪಾತ್ರ ವಹಿಸಿದವನು. ಎರಡು ನಾಟಕಗಳಲ್ಲಿ ಒಂದು ಬೈಬಲ್ಲಿನ ಜೆಫ್ತನ ಕಥೆ. ಯುದ್ಧದಲ್ಲಿ ಗೆದ್ದು ಬಂದರೆ, ನನ್ನ ಮನೆಯ ಬಾಗಿಲಿನಿಂದ ನನ್ನನ್ನು ಎದುರುಗೊಳ್ಳಲು ಮೊದಲು ಹೊರಬಂದುದನ್ನು ಬಲಿ ಕೊಡುವೆನೆಂದು ಹರಕೆ ಹೊತ್ತ ತಂದೆ. ಹೊರಗೆ ಬಂದವಳು ಅವನ ಒಬ್ಬಳೇ ಮಗಳು. ಇದನ್ನು ಯಾರು ವಿನೋದವೆನ್ನುತ್ತಾರೋ ಅನ್ನಲಿ! ಆ ತಂದೆಯ ಸಂಕಟವು ಗ್ಯಾರಿಯಕ್‌ನ ಸ್ಕಾಟ್ಸ್‌ನಲ್ಲಿ ಹಿಂದಿನ ಕಾಲದ ದೊರೆಯ ಸಂಕಟವಾಗಿ ಉಳಿಯದೆ, ಅಂಗಳದಲ್ಲಿ ನಿಂತ ಮನುಷ್ಯನೊಬ್ಬನ ಸಂಕಟವಾಗುತ್ತದೆ. ಲ್ಯಾಟಿನ್ನಿನ ಅಮೃತಶಿಲೆಯಿಂದ ಅವನು ಒಂದು ಜೀವಂತ ಗಂಟಲನ್ನು ಬಿಡಿಸಿ ತೆಗೆದಿದ್ದಾನೆ.

ಆದರೆ ಅವನ ಬಾಳಿನ ದೊಡ್ಡ ಕೆಲಸ ಬೆಲ್ಲಿಯದು. ಜುಸೆಪ್ಪೆ ಜೋಕಿನೊ ಬೆಲ್ಲಿ ರೋಮ್ ನಗರದವನು, 1791ರಿಂದ 1863ರವರೆಗೆ ಬದುಕಿದ್ದವನು. ಅಂದಿನ ರೋಮ್ ಪೋಪರ ಆಳ್ವಿಕೆಯಲ್ಲಿತ್ತು. ಬೆಲ್ಲಿ ಸಾಹಿತ್ಯದ ಇಟಾಲಿಯನ್ ಭಾಷೆಯನ್ನು ಬಿಟ್ಟು, ರೋಮಿನ ಕೇರಿಗಳ ಆಡುನುಡಿಯಲ್ಲಿ 2279 ಸಾನೆಟ್ಟುಗಳನ್ನು ಬರೆದ. ಕೂಲಿಯವರು, ಆಳುಗಳು, ಸೂಳೆಯರು, ಪಾದ್ರಿಯ ಮನೆಯ ಅಡುಗೆಯವಳು, ಹೆರಿಗೆ, ಸಾವು, ಗಲ್ಲು, ಸೃಷ್ಟಿಯ ಕಥೆ, ಎಲ್ಲವೂ ಅಲ್ಲಿವೆ. ರೋಮಿನ ಬಡಜನರಿಗೆ ಒಂದು ಸ್ಮಾರಕವನ್ನು ನಿಲ್ಲಿಸುವುದೇ ತನ್ನ ಉದ್ದೇಶವೆಂದು ಅವನೇ ಬರೆದಿಟ್ಟ. ಆದರೆ ಬದುಕಿದ್ದಾಗ ಅವುಗಳನ್ನು ಅಚ್ಚಿಗೆ ಕೊಡುವ ಧೈರ್ಯವಾಗಲಿಲ್ಲ. ಮುಪ್ಪಿನಲ್ಲಿ ಅವುಗಳನ್ನು ಸುಟ್ಟುಬಿಡಬೇಕೆಂದೂ ಬಯಸಿದ. ಅವನ ಸ್ನೇಹಿತನಾದ ಒಬ್ಬ ಧರ್ಮಾಧಿಕಾರಿಯೇ ಹಸ್ತಪ್ರತಿಗಳನ್ನು ಉಳಿಸಿದ!

ಈ ಬೆಲ್ಲಿಯ ನೂರಕ್ಕೂ ಹೆಚ್ಚು ಸಾನೆಟ್ಟುಗಳನ್ನು ಗ್ಯಾರಿಯಕ್ ಎಡಿನ್‌ಬರೋದ ಸ್ಕಾಟ್ಸ್‌ಗೆ ತಂದಿದ್ದಾನೆ. ಸಾನೆಟ್ಟಿನ ಹದಿನಾಲ್ಕು ಸಾಲು, ಪ್ರಾಸದ ಬಂಧ, ಕೊನೆಯಲ್ಲಿ ಚಾವಟಿಯ ತುದಿಯಂತೆ ಬೀಳುವ ಏಟು, ಇವೊಂದನ್ನೂ ಬಿಟ್ಟಿಲ್ಲ. ಬಿಡದೆ ಉಳಿಸಿಕೊಂಡೂ ಎಲ್ಲವೂ ಬಾಯಲ್ಲಿ ಆಡಿದ ಮಾತಿನಂತೆಯೇ ಇದೆ. ಅನುವಾದದಲ್ಲಿ ಕೈಯಾಡಿಸಿದವರಿಗೆ ಇದರ ಕಷ್ಟ ಗೊತ್ತು.

ಶಿಷ್ಟ ಇಂಗ್ಲಿಷಿನಲ್ಲಿ ಬೆಲ್ಲಿಯನ್ನು ತರಬಾರದೇ ಎಂದು ಕೇಳಬಹುದು. ತರಬಹುದು. ಆದರೆ ಬೆಲ್ಲಿಯ ಅರ್ಧ ಅರ್ಥ ಅವನು ಯಾವ ಭಾಷೆಯಲ್ಲಿ ಬರೆಯಲಿಲ್ಲವೆಂಬುದರಲ್ಲಿದೆ. ಅರಮನೆಯ, ಧರ್ಮಪೀಠದ, ಪಂಡಿತರ ಇಟಾಲಿಯನ್ನಿಗೆ ಬೆನ್ನು ತಿರುಗಿಸಿ ನಿಂತ ಕಾವ್ಯವದು. ಅದನ್ನು ಆಕ್ಸ್‌ಫರ್ಡಿನ ಇಂಗ್ಲಿಷಿಗೆ ತಂದರೆ, ಬೀದಿಯಲ್ಲಿ ಕೂಗಿ ಬೈಯುತ್ತಿದ್ದವನಿಗೆ ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದ ಹಾಗೆ. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಬರ್ಜೆಸ್ ಈ ತೊಡಕನ್ನು ಅರಿತವನು. 1977ರಲ್ಲಿ ಎಪ್ಪತ್ತಕ್ಕೂ ಹೆಚ್ಚು ಬೆಲ್ಲಿ ಸಾನೆಟ್ಟುಗಳನ್ನು ಅನುವಾದಿಸಿ ತನ್ನ ಕಾದಂಬರಿಯೊಂದರಲ್ಲಿ ಸೇರಿಸಿದ. ಜಾಣತನದ ಕೆಲಸ, ಒಪ್ಪುತ್ತೇನೆ. ಆದರೆ ಅಲ್ಲಿ ಬರ್ಜೆಸ್ಸನ ಜಾಣತನ ಸದಾ ನಮ್ಮ ಕಣ್ಣೆದುರಿಗೆ ನಿಂತಿರುತ್ತದೆ. ಗ್ಯಾರಿಯಕ್‌ನಲ್ಲಿ ಕಾಣುವವಳು ತೊಟ್ಟಿಲು ತೂಗುತ್ತಿರುವ ಹೆಂಗಸು.

ಇಟಾಲಿಯನ್ನಿಗೆ ರೋಮಿನ ಆಡುನುಡಿ ಹೇಗೋ, ಇಂಗ್ಲಿಷಿಗೆ ಸ್ಕಾಟ್ಸ್ ಹೆಚ್ಚುಕಡಿಮೆ ಹಾಗೆ ನಿಲ್ಲುತ್ತದೆ. ಎರಡೂ ಕಡೆ ದೊಡ್ಡ ಮಾತೊಂದು ಮೇಲಿನಿಂದ ಬರುತ್ತದೆ, ಅದನ್ನು ಕೆಳಗಿನಿಂದ ನೋಡುವ ಕಣ್ಣೊಂದಿರುತ್ತದೆ. ಹೆಚ್ಚುಕಡಿಮೆ ಎಂದೆ, ಪೂರ್ತಿಯಾಗಿ ಎನ್ನಲಿಲ್ಲ. ರೋಮಿನದು ಕ್ಯಾಥೊಲಿಕ್ ಬೀದಿ, ಎಡಿನ್‌ಬರೋದ್ದು ಪ್ರೆಸ್ಬಿಟೇರಿಯನ್ ಬೀದಿ. ಕಾರ್ಡಿನಲ್ಲನನ್ನು ಬೈಯುವ ಬೈಗುಳದ ಸೊಗಸು, ಕಾರ್ಡಿನಲ್ಲರೇ ಇಲ್ಲದ ಊರಿನಲ್ಲಿ ಕೆಲವೊಮ್ಮೆ ಮೊಂಡಾಗುತ್ತದೆ. ಕೆಲವು ಸಾನೆಟ್ಟುಗಳಲ್ಲಿ ರೋಮ್ ಪೂರ್ತಿ ಮರೆಯಾಗಿ ಎಡಿನ್‌ಬರೋದ ಮಳೆಯೇ ಸುರಿಯುತ್ತಿದೆಯೆಂದು ನನಗನ್ನಿಸಿದ್ದುಂಟು.

ಇನ್ನೊಂದು ಆಕ್ಷೇಪವನ್ನು ಮರೆಮಾಚುವುದು ಸರಿಯಲ್ಲ. ಗ್ಯಾರಿಯಕ್ ರೋಮಿನ ಆಡುನುಡಿಯ ಪಂಡಿತನಾಗಿರಲಿಲ್ಲ. ಬಲ್ಲವರು ಮಾಡಿಕೊಟ್ಟ ಪದಶಃ ಅರ್ಥವನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಿದ. ಮೂಲಭಾಷೆಯನ್ನು ಅರೆದು ಕುಡಿಯದವನು ಅನುವಾದಕನೇ ಅಲ್ಲವೆಂದು ಬಿರುದು ಕಸಿದುಕೊಳ್ಳುವವರಿಗೆ ನನ್ನದೊಂದು ಪ್ರಶ್ನೆ. ಮೂಲವನ್ನು ಚೆನ್ನಾಗಿ ಬಲ್ಲ ಎಷ್ಟು ಪಂಡಿತರ ಅನುವಾದಗಳು ಗ್ರಂಥಾಲಯದ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಿ ನಿಂತಿಲ್ಲ? ಅನುವಾದಕನಿಗೆ ಮೂಲದ ಜ್ಞಾನ ಬೇಕು, ಅದನ್ನು ನೆರವಿನಿಂದಲಾದರೂ ಪಡೆಯಬಹುದು. ತನ್ನ ಭಾಷೆಯ ಕಿವಿಯನ್ನು ಯಾರಿಂದಲೂ ಕಡ ತರಲಾಗದು. ಅವನು ಪಡೆದ ನೆರವನ್ನು ಬಚ್ಚಿಟ್ಟವನೂ ಅಲ್ಲ.

ಆ ಕಿವಿ ಎಲ್ಲಿಂದ ಬಂತು? ಇದನ್ನು ಹೇಳಬೇಕಾದರೆ ಹ್ಯೂ ಮ್ಯಾಕ್‌ಡೈರ್ಮಿಡ್‌ನನ್ನು ನೆನೆಯಬೇಕು. 1920ರ ದಶಕದಲ್ಲಿ ಸ್ಕಾಟ್ಸ್ ಕಾವ್ಯಕ್ಕೆ ಮರುಹುಟ್ಟು ಕೊಟ್ಟವನು ಅವನೇ. ಜೇಮೀಸನ್ನನ 1808ರ ನಿಘಂಟಿನಿಂದ ಸತ್ತ ಪದಗಳನ್ನೆತ್ತಿ ಉಸಿರೂದಿದ. ದೊಡ್ಡ ಕವಿ, ದೊಡ್ಡ ಜಗಳಗಂಟ. ಅವನ ಎತ್ತರದ ನೆರಳಿನಲ್ಲಿ ಗ್ಯಾರಿಯಕ್ ಸಣ್ಣವನಾಗಿ ಕಂಡದ್ದು ಸಹಜ. ಆದರೆ ಮ್ಯಾಕ್‌ಡೈರ್ಮಿಡ್ ಗುಡ್ಡದ ಮೇಲೆ ನಿಂತು ಕೂಗಿದರೆ, ಗ್ಯಾರಿಯಕ್ ಕೆಳಗಿನ ಬೀದಿಯಲ್ಲಿ ನಿಂತು ಕೇಳಿಸಿಕೊಂಡ. ನಿಘಂಟಿನ ಋಣ ಅವನಿಗೂ ಇತ್ತು, ಹಳೆಯ ಕವಿಗಳ ಋಣವೂ ಇತ್ತು. ಎಡಿನ್‌ಬರೋದ ವಾರ್ಷಿಕ ಉತ್ಸವದ ಡಂಬಾಚಾರವನ್ನು ಗೇಲಿ ಮಾಡಲು ಅವನು ಬಳಸಿದ್ದು ಶತಮಾನಗಳ ಹಿಂದಿನ ಜಾತ್ರೆಯ ಪದ್ಯಗಳ ಛಂದಸ್ಸನ್ನು. ಬೋಧನೆಯನ್ನು ಬಿಟ್ಟಮೇಲೆ ಹಳೆಯ ಸ್ಕಾಟ್ಸ್ ನುಡಿಯ ಮಹಾನಿಘಂಟಿನ ಕಾರ್ಯಾಲಯದಲ್ಲಿ ದುಡಿದ. ಹೊಲದಲ್ಲಿ ಹೇಳಿದ ಕೆಲಸವನ್ನೆಲ್ಲ ಮಾಡುವ ಆಳಿಗೆ ಸ್ಕಾಟ್ಸ್‌ನಲ್ಲಿರುವ ಪದವನ್ನೇ ತೆಗೆದುಕೊಂಡು, ತಾನು ನಿಘಂಟುಕಾರರ ಅಂಥ ಆಳು ಎಂದು ಕರೆದುಕೊಂಡ. ಆ ನಿಘಂಟಿನ ಮೊದಲ ಕಂತು ಹೊರಬಂದದ್ದು 1931ರಲ್ಲಿ, ಪೂರ್ಣವಾದದ್ದು 2002ರಲ್ಲಿ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಥೆಯನ್ನು ಬಲ್ಲವರಿಗೆ ಈ ತಾಳ್ಮೆ ಅರ್ಥವಾದೀತು.

ಅವನೊಬ್ಬನೇ ಅಲ್ಲವೆಂಬುದನ್ನೂ ಹೇಳಬೇಕು. ಎಡ್ವಿನ್ ಮಾರ್ಗನ್ ರಷ್ಯದ ಮಯಕೋವ್‌ಸ್ಕಿಯನ್ನು 1972ರಲ್ಲಿ ಸ್ಕಾಟ್ಸ್‌ಗೆ ತಂದ. ಗ್ರೀಕ್ ಪ್ರಾಧ್ಯಾಪಕನಾಗಿದ್ದ ಲಾರಿಮರ್ ಮೂಲ ಗ್ರೀಕಿನಿಂದ ತಂದ ಹೊಸ ಒಡಂಬಡಿಕೆ ಅವನ ಮರಣಾನಂತರ 1983ರಲ್ಲಿ ಪ್ರಕಟವಾಯಿತು. ಅದರ ಅನುಬಂಧದ ಒಂದು ಪಾಠಾಂತರದಲ್ಲಿ ಎಲ್ಲರೂ ಸ್ಕಾಟ್ಸ್ ಆಡುತ್ತಾರೆ, ಸೈತಾನನೊಬ್ಬನೇ ಶುದ್ಧ ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ!

ಇಷ್ಟು ಬರೆದಮೇಲೆ, ಮುಂದೂಡುತ್ತ ಬಂದ ಮಾತಿಗೆ ಬರಲೇಬೇಕು.

ನಾನು ಹಾಸನದ ಕಡೆಯವನು. ವರ್ಗವಾಗಿ ಉತ್ತರಕ್ಕೆ ಹೋದಾಗ ನನ್ನ ಬಿ.ಎಡ್. ಪದವಿಯ ಶಾಯಿ ಇನ್ನೂ ಆರಿರಲಿಲ್ಲ. ಅಲ್ಲಿನ ಹುಡುಗರ 'ಬಂದಾನ', 'ಹೇಳ್ಯಾರ', 'ಹೋಗ್ಯಾಳ' ನನ್ನ ಕಿವಿಗೆ ತಪ್ಪಾಗಿಯೇ ಕೇಳಿಸಿದವು. ತಪ್ಪನ್ನು ತಿದ್ದುವುದು ನನ್ನ ಧರ್ಮವೆಂದು ನಂಬಿದ್ದೆ. ಒಮ್ಮೆ ಒಂಬತ್ತನೆಯ ತರಗತಿಗೆ 'ಮರೆಯಲಾಗದ ದಿನ' ಎಂಬ ಪ್ರಬಂಧವನ್ನು ಕೊಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎರಡು ಪುಟ ಬರೆದಿದ್ದ. ಅದಕ್ಕೆ ಮೊದಲು ಅವನು ಎಂದೂ ಅರ್ಧ ಪುಟ ದಾಟಿದವನಲ್ಲ. ಅವನನ್ನು ಸಾಕಿದ ಅಜ್ಜಿ ಸತ್ತ ದಿನದ ಸಂಗತಿ. ಆಸ್ಪತ್ರೆಯಿಂದ ಚಕ್ಕಡಿಯಲ್ಲಿ ತಂದದ್ದು, ದಾರಿಯಲ್ಲಿ ಎತ್ತು ನಿಂತದ್ದು, ಕೊನೆಗೆ 'ಆಯಿ ನನ್ನ ಬಿಟ್ಟ ಹ್ವಾದ್ಲು' ಎಂಬ ಒಂದು ಸಾಲು. ನಾನು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದು, ಮೇಲೆ 'ನನ್ನ ಅಜ್ಜಿಯವರು ನಿಧನರಾದರು' ಎಂದು ಬರೆದೆ. ಅಷ್ಟು ಸಾಲದೆಂಬಂತೆ, ತಪ್ಪು ಬರೆಯುವುದು ಹೇಗೆಂಬುದಕ್ಕೆ ಉದಾಹರಣೆಯಾಗಿ ಆ ಸಾಲನ್ನು ತರಗತಿಯಲ್ಲಿ ಓದಿದೆ. ಹುಡುಗರು ನಕ್ಕರು. ಅವರೂ ಮನೆಯಲ್ಲಿ ಅದೇ ಮಾತನ್ನಾಡುವವರು, ಆದರೂ ನಕ್ಕರು. ಆ ಹುಡುಗ ಅಂದಿನಿಂದ ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಅರ್ಧ ಪುಟಕ್ಕಿಂತ ಹೆಚ್ಚು ಬರೆಯಲಿಲ್ಲ. ಬರೆದದ್ದರಲ್ಲಿ ತಪ್ಪೂ ಇರಲಿಲ್ಲ.

ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗುತ್ತಿತ್ತಲ್ಲವೇ ಎಂದು ನನ್ನ ಸಹೋದ್ಯೋಗಿಗಳು ಇಂದಿಗೂ ವಾದಿಸುತ್ತಾರೆ. ಆಗುತ್ತಿತ್ತು, ನಿಜ. ಗ್ರಂಥಭಾಷೆಯನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಈ ಲೇಖನವೇ ಗ್ರಂಥಭಾಷೆಯಲ್ಲಿದೆ, ನನಗೆ ಬರೆಯಲು ಬರುವುದೂ ಅದೊಂದೇ. ಸರ್ಕಾರಿ ಅರ್ಜಿಯಲ್ಲಿ ಹೀಗೆ ಬರೆಯಬೇಕಾಗುತ್ತದೆ, ಆದರೆ ನಿನ್ನ ಈ ಸಾಲು ಹೀಗೆಯೇ ಇರಲಿ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ಅರ್ಧ ನಿಮಿಷ. ಆ ಅರ್ಧ ನಿಮಿಷ ನನ್ನ ಬಳಿ ಇರಲಿಲ್ಲ, ಕೆಂಪು ಶಾಯಿ ಮಾತ್ರ ಬೇಕಾದಷ್ಟಿತ್ತು. 'ನಿಧನರಾದರು' ಎಂಬುದು ಪತ್ರಿಕೆಯಲ್ಲಿ ಯಾರದೋ ಭಾವಚಿತ್ರದ ಕೆಳಗೆ ಬರುವ ಮಾತು. ಚಕ್ಕಡಿಯಲ್ಲಿ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಹುಡುಗನ ಮಾತಲ್ಲ. ಅವನು ಬರೆದದ್ದು ಸರಿಯಾಗಿತ್ತು, ತಿದ್ದಿದ್ದು ತಪ್ಪಾಗಿತ್ತು. ಎಡಿನ್‌ಬರೋದ ಇಂಗ್ಲಿಷ್ ಕೆಟ್ಟದ್ದೆಂದು ನಕ್ಕ ನನ್ನ ಪ್ರಿಯ ವಿದ್ಯಾರ್ಥಿ ಅಂದು ಅದೇ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದ. ನನ್ನ ಕೆಂಪು ಶಾಯಿ ಅಲ್ಲಿಯವರೆಗೂ ಹೋಗಿದೆ.

ಅಂದಹಾಗೆ ಕಾಲ ಒಂದಿಷ್ಟು ತಿರುಗಿದೆ. 2022ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಸುಮಾರು 15 ಲಕ್ಷ ಜನ ತಮಗೆ ಸ್ಕಾಟ್ಸ್ ಮಾತನಾಡಲು ಬರುತ್ತದೆಂದು ಬರೆಸಿದರು. 2025ರಲ್ಲಿ ಅಲ್ಲಿನ ಪಾರ್ಲಿಮೆಂಟು ಗೇಲಿಕ್ಕಿಗೂ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನವನ್ನು ಕೊಡುವ ಕಾಯಿದೆಯನ್ನು ಅಂಗೀಕರಿಸಿತು. ಸುಶಿಕ್ಷಿತರ ಭಾಷೆಯಲ್ಲವೆಂದು ಬರೆದವರು ಯಾರೂ ಇದನ್ನು ನೋಡಲು ಉಳಿದಿರಲಾರರು. ಗ್ಯಾರಿಯಕ್ ಕೂಡ ಉಳಿಯಲಿಲ್ಲ, 1981ರಲ್ಲಿ ತೀರಿಕೊಂಡ. ಅವನ ಸಮಗ್ರ ಕಾವ್ಯ ಹೊರಬಂದದ್ದು ಎರಡು ವರ್ಷಗಳ ಮೇಲೆ. ಕಾಯಿದೆಯಿಂದ ನುಡಿ ಉಳಿದೀತೆಂದು ನಾನು ನಂಬುವವನಲ್ಲ. ಆದರೂ ಶಾಲೆಯ ಮಗುವೊಂದು ತನ್ನ ಮನೆಯ ಮಾತನ್ನು ಬರೆದಾಗ, ಇದು ತಪ್ಪೆನ್ನುವ ಮೊದಲು ಮಾಸ್ತರನು ಒಂದು ಕ್ಷಣ ತಡೆದರೆ ಅಷ್ಟರ ಮಟ್ಟಿಗೆ ಅದು ಕೆಲಸಕ್ಕೆ ಬಂದಂತೆ.

ಆ ಸಿಸಿಫಸ್ ಕವಿತೆಯನ್ನು ನಾನು ಕನ್ನಡಕ್ಕೆ ತರಲು ಕುಳಿತೆ. ಮೊದಲು ನನ್ನ ಗ್ರಂಥದ ಕನ್ನಡದಲ್ಲಿ ಬರೆದೆ. ಬಂಡೆ ಗುಡ್ಡವನ್ನೇರಿತು, ಆದರೆ ಬುತ್ತಿಯ ಗಂಟು ಬಿಚ್ಚಲಿಲ್ಲ. 'ಭೋಜನವನ್ನು ಮುಗಿಸಿ' ಎಂದು ಬರೆದ ಗಳಿಗೆಯಲ್ಲಿ ಆ ಮನುಷ್ಯ ಸತ್ತೇಹೋದ. ಹಾವೇರಿಯ ಮಾತಿನಲ್ಲಿ ಬರೆಯಬೇಕೆಂದು ಹೊರಟರೆ, ಹದಿನೆಂಟು ವರ್ಷ ಆ ಮಾತನ್ನು ತಿದ್ದುತ್ತಲೇ ಕಳೆದ ನನಗೆ ನಾಲ್ಕು ಸಾಲು ಸರಿಯಾಗಿ ಬರಲಿಲ್ಲ. ಇದು ನಿಮ್ಮಲ್ಲಿ ಯಾರಾದರೂ ಮಾಡಬೇಕಾದ ಕೆಲಸ. ಬೆಲ್ಲಿಯನ್ನೂ ನೀವೇ ತರಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಮಾತಿಗೆ ತನ್ನಿ, ಮಂಡ್ಯದ ಸಂತೆಯ ಮಾತಿಗೆ ತನ್ನಿ. ಪದಶಃ ಅರ್ಥ ಬೇಕಾದರೆ ಇಂಗ್ಲಿಷಿನಿಂದ ನಾನು ಮಾಡಿಕೊಡುತ್ತೇನೆ. ನಿಮ್ಮ ಕೈಯಾಳಾಗಿ ದುಡಿಯಲು ನನಗೆ ಸಂಕೋಚವಿಲ್ಲ.

ಎಡಿನ್‌ಬರೋದಲ್ಲಿರುವ ನನ್ನ ವಿದ್ಯಾರ್ಥಿಗೆ ಬೇರೊಂದು ಮನೆಗೆಲಸ ಕೊಡುತ್ತಿದ್ದೇನೆ. ನಿಮ್ಮೂರಿನ ಕ್ಯಾನನ್‌ಗೇಟ್ ಚರ್ಚಿನ ಹೊರಗೆ, ಕಾಲುದಾರಿಯಲ್ಲಿ ನಡೆದುಹೋಗುತ್ತಿರುವ ಯುವಕನೊಬ್ಬನ ಕಂಚಿನ ಪ್ರತಿಮೆಯಿದೆ, 2004ರಲ್ಲಿ ನಿಲ್ಲಿಸಿದ್ದು. ಅವನು ರಾಬರ್ಟ್ ಫರ್ಗ್ಯುಸನ್, ಸ್ಕಾಟ್ಸ್‌ನಲ್ಲಿ ಬರೆದ ಕವಿ. 1774ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹುಚ್ಚಾಸ್ಪತ್ರೆಯಲ್ಲಿ ಸತ್ತ. ಒಳಗಿನ ಸ್ಮಶಾನದಲ್ಲಿ ಅವನ ಗೋರಿಯಿದೆ. ಗುರುತಿಲ್ಲದೆ ಬಿದ್ದಿದ್ದ ಅದಕ್ಕೆ ಕಲ್ಲು ಹಾಕಿಸಿಕೊಟ್ಟವನು ರಾಬರ್ಟ್ ಬರ್ನ್ಸ್. 1962ರ ಅಕ್ಟೋಬರಿನಲ್ಲಿ ಆ ಗೋರಿಯ ಬಳಿ ನಿಂತದ್ದನ್ನು ಕುರಿತು ಗ್ಯಾರಿಯಕ್ ಒಂದು ಸಾನೆಟ್ ಬರೆದಿದ್ದಾನೆ. ಒಂದು ಭಾನುವಾರ ನೀನು ಅಲ್ಲಿಗೆ ಹೋಗು. ಕೆಟ್ಟ ಇಂಗ್ಲಿಷ್ ಆಡುವ ನಿನ್ನ ಸಹೋದ್ಯೋಗಿಗಳಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಆ ಸಾನೆಟ್ಟನ್ನು ಗಟ್ಟಿಯಾಗಿ ಓದಲು ಹೇಳು. ದೂರವಾಣಿಯಲ್ಲಿ ಧ್ವನಿಮುದ್ರಿಸಿ ನನಗೆ ಕಳಿಸು. ಹಾಗೆಯೇ, ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೆಂಬುದು ನಿನಗೇನಾದರೂ ಗೊತ್ತಿದ್ದರೆ ತಿಳಿಸು.